ಹಕ್ಕಿ ಸಾಹೇಬರಿಗೆ ಕೊಟ್ಟ ಆಣೆ

ಮೊನ್ನೆ ಮಾಳಿಗೆಯ ಮೇಲೆ ಶೇಂಗಾ ಒಣಹಾಕಿ, ಕಾಗೆ ಕಾಯಲು ನನ್ನನ್ನು ಕೂಡ್ರಿಸಿ ನೀವೆಲ್ಲ ಕೆಳಗಿಳಿದು ಹೋದಿರಿ. ಅರ್ಧ ತಾಸಿನ ಮೇಲೆ ಮಲ್ಲು ಬಂದು ನೋಡಿದಾಗ ಒಂದು ಕಾಗೆ ನನ್ನ ಮೊಳಕಾಲಿಗೆ ಒಂದು ಮಾರು ದೂರದಲ್ಲಿ ಕುಳಿತು ಕಾಯಿ ಒಡೆದು ತಿನ್ನುತ್ತಿತ್ತು. ಅದರ ಹಿಂದೆ ಮತ್ತೆ ಮೂರು ಸರದಿ ಕಾಯುತ್ತಿದ್ದವು. ನನ್ನ ಹತ್ತಿರ ಕೋಲಿತ್ತು. ಕೋಲು ತೊಡೆಯ ಮೇಲೆ ಅಡ್ಡ ಮಲಗಿತ್ತು.

"ಅಜ್ಜಿ, ಒಂದು ಹರಳ ಒಗದ್ರ ಓಡಿ ಹೋಗ್ತಾವಲ್ಲ!" ಎಂದ ಮಲ್ಲು.

ನಾನು ಸೆರಗು ಬೀಸಿದೆ. ಕಾಗೆ ಸೆರಗನ್ನು ನೋಡಿತು, ನನ್ನನ್ನು ನೋಡಿತು, ಇನ್ನೊಂದು ಕಾಯಿ ಎತ್ತಿಕೊಂಡಿತು.

ಊಟಕ್ಕೆ ಕುಳಿತಾಗ ನೀವು ಅದನ್ನೇ ಹೇಳಿ ಹೇಳಿ ನಕ್ಕಿರಿ. ಅಜ್ಜಿಗೆ ಕೈ ಎತ್ತಲಾಗುವುದಿಲ್ಲ ಎಂದು ಒಬ್ಬ, ಅಜ್ಜಿಗೆ ಕಣ್ಣು ಕಾಣುವುದಿಲ್ಲ ಎಂದು ಇನ್ನೊಬ್ಬ. "ಹಂಗಲ್ಲ, ಅಜ್ಜಿ ಪಕ್ಷಿಪ್ರೇಮಿ" ಎಂದಳು ಸುಮಾ. ಕೈಯೂ ನೆಟ್ಟಗಿದೆ, ಕಣ್ಣೂ ನೆಟ್ಟಗಿದೆ. ಪ್ರೇಮದ ವಿಷಯ ಮಾತ್ರ ನನಗೆ ಗೊತ್ತಿಲ್ಲ. ನಾಲ್ಕು ಸೇರು ಶೇಂಗಾ ಹಾಳು ಮಾಡಿದ ಕಾಗೆಯ ಮೇಲೆ ಯಾರಿಗೆ ಪ್ರೇಮ ಬರುತ್ತದೆ?

ಅದೇ ಸಂಜೆ ಸುಮಾ ಒಂದು ಬಣ್ಣದ ಕಾಗದ ತಂದು ನನ್ನ ಕೈಯಲ್ಲಿಟ್ಟಳು. ಅವಳು ಕಲಿಸುವ ಅಕ್ಕಿಆಲೂರಿನ ಶಾಲೆಯಲ್ಲಿ ಈ ಚಳಿಗಾಲ ನಾಲ್ಕು ಭಾನುವಾರ ಹಕ್ಕಿಗಳ ಮೇಲೆ ಉಪನ್ಯಾಸಗಳಂತೆ. ಹಕ್ಕಿ ನೋಡುವುದು ಹೇಗೆ, ಗುರುತು ಹಿಡಿಯುವುದು ಹೇಗೆ, ಉಳಿಸುವುದು ಹೇಗೆ. ನಾಲ್ಕನೆಯ ಭಾನುವಾರ ಹಿರಿಯರ ನೆನಪುಗಳಿಗೆ ಐದು ನಿಮಿಷ. ಆ ಐದು ನಿಮಿಷದ ಎದುರಿಗೆ ನನ್ನ ಹೆಸರು. ನನ್ನನ್ನು ಕೇಳದೆಯೇ ಅಚ್ಚು ಹಾಕಿಸಿಬಿಟ್ಟಿದ್ದಾಳೆ.

"ನೀ ಮಾಸೂರ ಕೆರಿ ದಂಡಿ ಮ್ಯಾಲ ಬೆಳದಾಕಿ ಅಜ್ಜಿ. ಏನರ ನಾಕ ಮಾತು ಹೇಳು, ಸಾಕು" ಎಂದಳು.

ನಾಲ್ಕು ಮಾತಂತೆ! ನಾಲ್ಕು ಜನರ ಎದುರು ನಾನು ಒಂದು ಮಾತೂ ಆಡಿದವಳಲ್ಲ. ಮದುವೆಯಾದ ಮೊದಲ ವರ್ಷ ನಿಮ್ಮ ಅಜ್ಜನಿಗೆ ಹೇಳಬೇಕಾದದ್ದನ್ನೆಲ್ಲ ಹಿತ್ತಲಿನ ಎಮ್ಮೆಗೆ ಹೇಳುತ್ತಿದ್ದೆ. ಅವರು ಪಡಸಾಲೆಯಲ್ಲಿ ಕುಳಿತು ಕೇಳಿಸಿಕೊಂಡು ಪೇಟೆಯಿಂದ ಬೆಲ್ಲ ತರುತ್ತಿದ್ದರು. ಅವರು ಹೋಗಿ ಹನ್ನೊಂದು ವರ್ಷವಾಯಿತು, ಎಮ್ಮೆ ಅದಕ್ಕೂ ಮೊದಲೇ ಹೋಯಿತು. ಇನ್ನು ಧ್ವನಿವರ್ಧಕದ ಎದುರು ನಿಂತು ನಾನು ಯಾರಿಗೆ ಹೇಳಲಿ? ಅದಕ್ಕೇ ಈ ಕಾಗದಗಳಲ್ಲಿ ಬರೆದಿಡುತ್ತಿದ್ದೇನೆ. ಓದಿಕೊಳ್ಳಿರಿ. ನಗುವುದಿದ್ದರೆ ನಾನು ಮಲಗಿದ ಮೇಲೆ ನಗಿರಿ.

ನನ್ನ ಅನುಭವದಲ್ಲಿ ಚಳಿಗಾಲ ಬಂತೆಂದರೆ ನಮ್ಮ ಸೀಮೆಗೆ ಎರಡು ಬಗೆಯವು ವಲಸೆ ಬರುತ್ತವೆ. ರೆಕ್ಕೆ ಇದ್ದವು ಕೆರೆಗೆ ಇಳಿಯುತ್ತವೆ, ಕೋಟು ಇದ್ದವು ಶಾಲೆಗೆ ಇಳಿಯುತ್ತವೆ. ಮೊದಲನೆಯವು ತಮ್ಮಷ್ಟಕ್ಕೆ ತಿಂದು ಬೇಸಿಗೆಗೆ ಹೋಗಿಬಿಡುತ್ತವೆ. ಎರಡನೆಯವು ಹೋಗುವ ಮುಂಚೆ ಏನಾದರೊಂದು ಹೇಳಿ ಹೋಗುತ್ತವೆ.

ಇದು ಹಿರೇಕೆರೂರು ತಾಲೂಕು ಇನ್ನೂ ಮುಂಬೈ ಸರಕಾರದ ಕೈಯಲ್ಲಿದ್ದ ಕಾಲದ ಮಾತು. ಆಗ ಸವಣೂರಿನಲ್ಲಿ ನವಾಬರಿದ್ದರು. ನನಗೆ ಹತ್ತು ವರ್ಷ. ಕೆರೆಯ ಕೆಳಗಿನ ಗದ್ದೆಗಳು ಊರಿನ ದೊಡ್ಡವರವು. ನಮ್ಮದು ಮೇಲಿನ ಎರೆಹೊಲ, ಹಿಂಗಾರಿ ಬಿಳಿಜೋಳ. ತೆನೆಗೆ ಹಾಲು ತುಂಬಿದ ದಿನದಿಂದ ಕೊಯ್ಲಿನ ತನಕ ಹೊಲದ ನಡುವೆ ನಾಲ್ಕು ಕಂಬದ ಮೇಲೆ ಅಟ್ಟಣಿಗೆ ಕಟ್ಟಿ ಹಕ್ಕಿ ಕಾಯಬೇಕು. ಇನ್ನುಳಿದವರ ಹೊಲಗಳಲ್ಲಿ ಹುಡುಗರು ಬೆಳಗಿನಿಂದ ಹೋ ಹೋ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು, ಡಬ್ಬಿ ಬಡಿಯುತ್ತಿದ್ದರು. ನನಗೆ ಕೂಗಲು ನಾಚಿಕೆ. ಆಚೆ ಹೊಲದವರು ಕೇಳಿಸಿಕೊಂಡಾರು ಎಂದು ನಾಚಿಕೆ! ಆದ್ದರಿಂದ ನಾನು ಕವಣೆ ಕಲಿತೆ. ಪುಂಡಿನಾರಿನ ಕವಣೆಯನ್ನು ಅಪ್ಪನೇ ಹೆಣೆದುಕೊಟ್ಟಿದ್ದ. ಮಣ್ಣಿನ ಉಂಡೆ ಇಟ್ಟು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಒಂದು ತುದಿ ಬಿಟ್ಟರೆ ಉಂಡೆ ಹೊಲದ ಆ ಮೂಲೆಗೆ ಹೋಗಿ ಬೀಳುತ್ತಿತ್ತು. ಹಕ್ಕಿಗೆ ತಾಗಿಸುವುದು ವಿದ್ಯೆಯಲ್ಲ, ಅದರ ಪಕ್ಕಕ್ಕೆ ಬೀಳಿಸುವುದು ವಿದ್ಯೆ. ನೀಲವ್ವನ ಹೊಲದಲ್ಲಿ ಕೂಗೂ ಇಲ್ಲ, ಹಕ್ಕಿಯೂ ಇಲ್ಲ ಎಂದು ಊರವರು ಹೇಳುತ್ತಿದ್ದರು. ನನ್ನ ಇಡೀ ಬಾಳಿನಲ್ಲಿ ಊರು ನನ್ನನ್ನು ಹೊಗಳಿದ್ದು ಅದೊಂದೇ ವಿಷಯಕ್ಕೆ. ಸ್ವಲ್ಪ ಹೆಚ್ಚು ಬರೆದಿದ್ದರೆ ಕ್ಷಮಿಸಿರಿ.

ಆ ವರ್ಷ ಆ ಕವಣೆಯ ಮೇಲೆ ನನ್ನ ಶಾಲೆ ನಿಂತಿತ್ತು. ಆಯಿ, ಎಂದರೆ ಅಪ್ಪನ ತಾಯಿ, ನನ್ನನ್ನು ಶಾಲೆ ಬಿಡಿಸಬೇಕೆಂದು ದೀಪಾವಳಿಯಿಂದ ಹಟ ಹಿಡಿದಿದ್ದಳು. ಮೂರನೆಯ ಇಯತ್ತೆಗೆ ಬಂದಿದ್ದೇನೆ, ಕಾಗದದ ಮೇಲಿನ ಹೆಸರು ಓದುತ್ತೇನೆ, ಇನ್ನೇನು ಬೇಕು? ಅವ್ವ ಬಾಣಂತನಕ್ಕೆ ದುಂಡಸಿಯ ತವರಿಗೆ ಹೋಗಿದ್ದಳು, ಮನೆಯಲ್ಲಿ ಕೈಗಳು ಕಡಿಮೆ. ಅಪ್ಪ ಜಗಳದ ಮನುಷ್ಯನಲ್ಲ. ತಾಯಿಗೂ ಮಗಳಿಗೂ ನಡುವೆ ಒಂದು ಮಾತು ಇಟ್ಟ.

"ಮುಂಜಾನಿ ಸಂಜಿಕಿ ಹೊಲ ಕಾಯ್ಲಿ, ನಡುವ ಸಾಲಿಗೆ ಹೋಗ್ಲಿ. ಜ್ವಾಳ ಮನಿಗೆ ಬಂದ್ರ ನಾಕನೇ ಇಯತ್ತೆ ಮುಗಸ್ತಾಳ. ಬರದಿದ್ರ ಬಿಡಸೂಣು."

"ಬರೀಲಿಕ್ಕ ಕಲ್ತು ಯಾರಿಗೆ ಕಾಗದ ಬರ್ಯಾಕಿ ಅದಾಳ ಇಕಿ? ಬಾಯಿ ಬಿಟ್ಟು ಒಂದ ಮಾತ ಆಡಂಗಿಲ್ಲ!" ಎಂದಳು ಆಯಿ. ಬಾಯಿ ಬಿಟ್ಟು ಆಡದವರಿಗೇ ಬರೆಯುವುದು ಬೇಕು ಎಂದು ನನಗೆ ಆಗ ಹೇಳಲು ಬರಲಿಲ್ಲ. ಈಗ ಬರೆದಿದ್ದೇನೆ. ಆಯಿಗೆ ಓದಲು ಬರುತ್ತಿರಲಿಲ್ಲ, ಬಿಡಿರಿ.

ಈಗ ಕೋಟು ಬರುತ್ತದೆ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಊರೂರು ತಿರುಗಿ ಹಕ್ಕಿಗಳ ಬಗ್ಗೆ ಭಾಷಣ ಮಾಡುವ ಒಬ್ಬರು ಆ ಚಳಿಗಾಲ ಮಾಸೂರಿಗೂ ಬಂದರು. ಯಾವ ಕಚೇರಿಯವರೋ, ಯಾರು ಕಳಿಸಿದ್ದೋ, ಯಾರೂ ಕೇಳಲಿಲ್ಲ. ಕೋಟು, ಬೂಟು, ತಲೆಗೆ ಟೊಪ್ಪಿಗೆ ಇದ್ದವರನ್ನು ಆಗ ಯಾರೂ ಏನೂ ಕೇಳುತ್ತಿರಲಿಲ್ಲ. ನಾವು ಅವರನ್ನು ಹಕ್ಕಿ ಸಾಹೇಬರು ಎಂದು ಕರೆದೆವು. ಅವರ ಜೊತೆ ಒಬ್ಬ ಆಳು, ಗೋಡೆಯ ಮೇಲೆ ಚಿತ್ರ ಬೀಳಿಸುವ ಒಂದು ದೊಡ್ಡ ಕಂದೀಲು, ಚರ್ಮದ ಚೀಲದಲ್ಲಿ ಉದ್ದನೆಯದೊಂದು ವಸ್ತು. ದುರ್ಬೀನು ಇರಬೇಕು ಎಂದು ಮಾಸ್ತರರು ಹೇಳಿದರು.

ಸಂಜೆ ಶಾಲೆಯಲ್ಲಿ ಊರಿಗೆ ಊರೇ ಕೂಡಿತು. ಚಾವಡಿಯವರು ಮುಂದೆ, ಗಂಡಸರು ನಡುವೆ, ಹೆಂಗಸರೂ ಹುಡುಗಿಯರೂ ಬಾಗಿಲ ಬಳಿ. ಮೊದಲನೆಯ ಚಿತ್ರದಲ್ಲಿ ಕೆಂಪು ಎದೆಯ ಒಂದು ಪುಟ್ಟ ಹಕ್ಕಿ ಬೆಳ್ಳಗಿನ ಗುಡ್ಡೆಯ ಮೇಲೆ ಕುಳಿತಿತ್ತು.

"ಸಾಹೇಬ್ರ, ಹತ್ತಿ ರಾಶಿ ಮ್ಯಾಲ ಕುಂತೈತಲ್ರಿ, ಹತ್ತಿ ತಿಂತೈತೇನ್ರಿ ಇದು?" ಎಂದು ನಡುವಿನಿಂದ ಯಾರೋ ಕೇಳಿದರು.

"ಅದು ಹತ್ತಿ ಅಲ್ಲಪ್ಪ, ಹಿಮ. ಇದು ವಿಲಾಯತಿ ಹಕ್ಕಿ."

"ಹಂಗಾದ್ರ ಅದಕ್ಕ ನಮ್ಮಿಂದ ಏನೂ ತ್ರಾಸ ಇಲ್ಲ. ಮುಂದಿಂದು ತೋರಸ್ರಿ."

ಮುಂದಿನದು ಗಿಳಿ. ಆಳು ಅದನ್ನು ತಲೆಕೆಳಗಾಗಿ ಇಟ್ಟಿದ್ದ. ಹಿಂದಿನವರು ಬಾವಲಿ ಎಂದರು, ಮುಂದಿನವರು ಹಸಿರು ಬಾವಲಿ ಎಲ್ಲಿಯಾದರೂ ಉಂಟೇ ಎಂದರು. ಜಗಳ ತೀರುವ ಹೊತ್ತಿಗೆ ಸಾಹೇಬರು ಇನ್ನೂ ಎರಡು ಹಕ್ಕಿಗಳನ್ನು ಮುಗಿಸಿಬಿಟ್ಟಿದ್ದರು. ನಮ್ಮೂರಿನ ಮದಗದ ಕೆರೆ ಅಲ್ಲಿಂದ ಕೂಗಳತೆಯಲ್ಲಿತ್ತು, ಹತ್ತಾರು ಬಗೆಯ ಬಾತುಗಳು ಇಳಿದಿದ್ದವು. ಅವುಗಳಲ್ಲಿ ಒಂದರ ಚಿತ್ರವೂ ಆ ಕಂದೀಲಿನಲ್ಲಿ ಇರಲಿಲ್ಲ.

ಆಮೇಲೆ ಸಾಹೇಬರು ಮಾತಿಗೆ ಇಳಿದರು. ಒಳ್ಳೆಯ ಧ್ವನಿ, ಅದನ್ನು ಒಪ್ಪಬೇಕು. "ಪಕ್ಷಿಗಳು ರೈತನ ಮಿತ್ರರು. ಪಕ್ಷಿಗೆ ಕಲ್ಲೆಸೆಯುವವನು ತನ್ನ ಮಿತ್ರನಿಗೇ ಕಲ್ಲೆಸೆಯುತ್ತಾನೆ" ಎಂದರು. ಒಂದು ಹಕ್ಕಿ ದಿನಕ್ಕೆ ಇಷ್ಟು ಹುಳ ತಿನ್ನುತ್ತದೆ ಎಂದು ಲೆಕ್ಕ ಹೇಳಿದರು. ಮುಂದಿನ ಸಾಲಿನವರು ತಲೆದೂಗಿದರು. ನನ್ನ ಕಣ್ಣಿನಲ್ಲಿ ನೀರು ಬಂತು. ಯಾರಾದರೂ ಅಷ್ಟು ಚೆನ್ನಾಗಿ ಕನ್ನಡ ಮಾತಾಡಿದರೆ ನನಗೆ ಆಗೆಲ್ಲ ಕಣ್ಣೀರು ಬರುತ್ತಿತ್ತು, ಅರ್ಥದ ಗೊಡವೆ ಇರಲಿಲ್ಲ. ನಾನು ಮೂರು ವರ್ಷ ಮಿತ್ರರಿಗೇ ಮಣ್ಣುಂಡೆ ಎಸೆದಿದ್ದೆನಲ್ಲ!

ಕೊನೆಗೆ ಸಾಹೇಬರು ಮಕ್ಕಳೆಲ್ಲ ಎದ್ದು ನಿಲ್ಲಬೇಕು ಎಂದರು. ಎಲ್ಲರೂ ಬರೆಯುವ ಪಾಟಿ ಮುಟ್ಟಿ ಆಣೆ ಮಾಡಬೇಕು. "ಇಂದಿನಿಂದ ನಾನು ಯಾವ ಹಕ್ಕಿಗೂ ಕಲ್ಲು ಎಸೆಯುವುದಿಲ್ಲ." ಹುಡುಗರು ಪಾಟಿಯ ಮೇಲೆ ಕೈಯಿಟ್ಟು ಛಾವಣಿ ಹಾರುವ ಹಾಗೆ ಕೂಗಿದರು.

ನಾನು ಪಾಟಿ ತಂದಿರಲಿಲ್ಲ. ಸಂಜೆಯ ಸಭೆಗೆ ಪಾಟಿ ಏಕೆ ಎಂದು ಮನೆಯಲ್ಲೇ ಬಿಟ್ಟು ಬಂದಿದ್ದೆ. ಎಲ್ಲರ ಕೈ ಏನನ್ನಾದರೂ ಮುಟ್ಟಿದೆ, ನನ್ನದೊಂದೇ ಬರಿಗೈ. ಪಕ್ಕದವಳ ಪಾಟಿ ಮುಟ್ಟಲೇ ಎಂದು ಕೇಳಲೂ ನಾಚಿಕೆ. ಗಾಬರಿಯಲ್ಲಿ ನನ್ನ ಕೈ ಕೊರಳಿನ ಕರಡಿಗೆಗೆ ಹೋಯಿತು. ಒಳಗೆ ಲಿಂಗ. ತುಟಿ ಅಲುಗಿಸಿ ನಾನೂ ಆಣೆ ಮಾಡಿಬಿಟ್ಟೆ.

ನಿಮಗೆ ಇದು ದೊಡ್ಡ ಮಾತು ಅನ್ನಿಸಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಲಿಂಗ ಮುಟ್ಟಿ ಯಾರೂ ಏನನ್ನೂ ಹೇಳುತ್ತಿರಲಿಲ್ಲ, ನಿಜವನ್ನೂ ಹೇಳುತ್ತಿರಲಿಲ್ಲ. ಎತ್ತಿನ ವ್ಯಾಪಾರಕ್ಕೆ ಒಬ್ಬಾತ ಲಿಂಗ ಮುಟ್ಟಿದ ಎಂದು ಅಪ್ಪ ಅವನ ಮನೆಯ ನೀರನ್ನೇ ಕುಡಿಯುವುದು ಬಿಟ್ಟಿದ್ದ. ಶಾಲೆಯ ಹುಡುಗರು ಮರುದಿನ ಬೆಳಿಗ್ಗೆ ಪಾಟಿಗೆ ಉಗುಳು ಹಚ್ಚಿ, ಹಿಂದಿನ ದಿನದ ಮಗ್ಗಿಯ ಜೊತೆ ಆಣೆಯನ್ನೂ ಒರೆಸಿ, ಕವಣೆ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ನನ್ನದನ್ನು ಉಗುಳು ಹಚ್ಚಿ ಒರೆಸಲು ಬರುವಂತಿರಲಿಲ್ಲ.

ಅದೇ ಬೆಳಿಗ್ಗೆ ಅಪ್ಪ, ಆಗಷ್ಟೇ ಹುಟ್ಟಿದ್ದ ನನ್ನ ತಮ್ಮನ ತೊಟ್ಟಿಲ ಕಾರ್ಯಕ್ಕೆಂದು ದುಂಡಸಿಗೆ ಹೊರಟ. "ನಾಕ ದಿನದಾಗ ಬರ್ತೇನಿ. ಹೊಲ ನಿನ್ನ ಕೈಯಾಗ ಐತಿ ನೀಲಿ" ಎಂದ. ನಾನು ತಲೆಯಲ್ಲಾಡಿಸಿದೆ.

ಎರಡನೆಯ ದಿನ ಕಬ್ಬಕ್ಕಿಗಳು ಬಂದವು. ಗುಲಾಬಿ ಮೈ, ಕರಿ ತಲೆ. ಸುಮಾಳ ಪುಸ್ತಕದಲ್ಲಿ ಅವುಗಳಿಗೆ ಏನೋ ಉದ್ದನೆಯ ಹೆಸರಿದೆ. ಅವು ಒಂದೊಂದಾಗಿ ಬರುವುದಿಲ್ಲ. ಆಕಾಶದಲ್ಲಿ ಒಂದು ಕರಿ ಕಂಬಳಿ ಝಾಡಿಸಿದಂತೆ ಬರುತ್ತವೆ, ಕಂಬಳಿ ತಿರುಗುತ್ತದೆ, ಬೀಳುತ್ತದೆ. ಬಿದ್ದ ಮೇಲೆ ಹೊಲದಿಂದ ಅಂಗಡಿಯವರು ಕಾಳು ಕೇರುವಂಥ ಸದ್ದು. ಪಕ್ಕದ ಹೊಲಗಳಲ್ಲಿ ಹೋ ಎಂಬ ಕೂಗೂ ಕವಣೆಯ ಶಬ್ದವೂ ಎದ್ದವು. ಅಲ್ಲಿಂದ ಎದ್ದ ಹಕ್ಕಿಗಳೂ ನಮ್ಮ ಹೊಲಕ್ಕೇ ಬಂದವು. ಊರಿನಲ್ಲಿ ಮಿತ್ರರಿಗೆ ಉಳಿದದ್ದು ಅದೊಂದೇ ಮನೆ.

ನಾನು ಕವಣೆ ತೊಡೆಯ ಮೇಲಿಟ್ಟುಕೊಂಡು ಅಟ್ಟಣಿಗೆಯ ಮೇಲೆ ಕುಳಿತಿದ್ದೆ. ಮಣ್ಣುಂಡೆ ಕಲ್ಲಲ್ಲವಲ್ಲ ಎಂದು ಒಮ್ಮೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಹೆದರಿಕೆಯಾಗಿ ಕರಡಿಗೆ ಮುಟ್ಟಿಕೊಂಡೆ. ಡಬ್ಬಿ ಬಡಿದೆ. ಕಬ್ಬಕ್ಕಿಗಳು ಎದ್ದು, ಹೊಲದ ಇನ್ನೊಂದು ಮಗ್ಗುಲಿಗೆ ಕುಳಿತವು. ಆ ಮಗ್ಗುಲಿಗೆ ಓಡಿದೆ, ಅವು ಈ ಮಗ್ಗುಲಿಗೆ. ಕೂಗಬೇಕೆಂದು ಬಾಯಿ ತೆರೆದೆ. ನನ್ನ ಗಂಟಲಿನಿಂದ ಬಂದ ಸದ್ದಿಗೆ ಹತ್ತಿರದ ಎರಡು ಹಕ್ಕಿ ಕತ್ತು ತಿರುಗಿಸಿ ನೋಡಿದವು, ಅಷ್ಟೇ. ಅವು ಹುಳ ತಿನ್ನುತ್ತಿವೆಯೇನೋ ಎಂದು ಬಹಳ ಹೊತ್ತು ನೋಡಿದೆ. ಹುಳ ತಿನ್ನುತ್ತಿರಲಿಲ್ಲ.

ಮೂರು ದಿನ ಹಾಗೇ ನಡೆಯಿತು. ಆಯಿಗೆ ಹೇಳಿಬಿಡಬಹುದಿತ್ತು. ಅವಳಿಗೆ ಮೊಳಕಾಲು ನೋವು, ಹೊಲಕ್ಕೆ ಬರುತ್ತಿರಲಿಲ್ಲ. ಲಿಂಗ ಮುಟ್ಟಿ ಪರವೂರಿನವರಿಗೆ ಆಣೆ ಕೊಟ್ಟೆ ಎಂದು ಹೇಳುವುದಕ್ಕಿಂತ ಹೊಲ ಹೋಗುವುದೇ ಸಣ್ಣದು ಎಂದು ಆ ವಯಸ್ಸಿನ ಬುದ್ಧಿಗೆ ಕಂಡಿತ್ತು.

ನಾಲ್ಕನೆಯ ದಿನ ಸಂಜೆ ಅಪ್ಪ ಬಂದ. ಮನೆಗೆ ಬರುವ ಮೊದಲೇ ಹೊಲದ ಬದುವಿನ ಮೇಲೆ ನಿಂತ. ತೆನೆಗಳು ಬೆಳ್ಳಗೆ, ಹಗುರಾಗಿ, ಗಾಳಿಗೆ ಸರಸರ ಎನ್ನುತ್ತಿದ್ದವು. ಕಾಳಿದ್ದ ತೆನೆ ಹಾಗೆ ಸದ್ದು ಮಾಡುವುದಿಲ್ಲ. ಬಾವಿಯ ಮಗ್ಗುಲಿನಲ್ಲಿ, ಬೇವಿನ ಗಿಡದ ಆಸುಪಾಸಿನಲ್ಲಿ ಅಷ್ಟಿಷ್ಟು ಉಳಿದಿತ್ತು.

"ಕವಣಿ ಹರೀತೇನ ನೀಲಿ?" ಎಂದು ಕೇಳಿದ.

ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ.

"ಜಡ್ಡ ಬಂದಿತ್ತೇನ?"

ಇಲ್ಲ.

ಅಪ್ಪ ಒಂದು ತೆನೆ ಮುರಿದುಕೊಂಡು ಮನೆಯ ದಾರಿ ಹಿಡಿದ. ಬೈದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಬೈಯುವ ಕೆಲಸವನ್ನು ಆಯಿ ಪೂರಾ ಮಾಡಿದಳು. "ಅಟ್ಟಣಿಗಿ ಮ್ಯಾಲ ಕುಂತು ಪುಸ್ತಕ ಓದ್ಯಾಳ ಇಕಿ! ಸಾಲಿ ಅಂತ, ಸಾಲಿ!" ಎಂದಳು. ಮರುದಿನದಿಂದ ಶಾಲೆ ನಿಂತಿತು. ನನ್ನ ಪಾಟಿಯನ್ನು ಆಯಿ ಹಳೆಯ ಧೋತರದಲ್ಲಿ ಸುತ್ತಿ, ತಮ್ಮನಿಗೆ ಆದೀತು ಎಂದು ಗೂಡಿನ ಮೇಲಿಟ್ಟಳು. ತಮ್ಮನಿಗೆ ಆಗ ಇಪ್ಪತ್ತು ದಿನ.

ಶಾಲೆ ಬಿಟ್ಟ ಮೂರನೆಯ ಬೆಳಿಗ್ಗೆ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದೆ. ಢಂ ಎಂದು ಸದ್ದಾಯಿತು. ಕೆರೆಯ ಮೇಲಿನ ಬಾತುಗಳೆಲ್ಲ ಒಮ್ಮೆಲೇ ಎದ್ದವು. ಏರಿಯ ಮೇಲೆ ನೋಡಿದರೆ ಹಕ್ಕಿ ಸಾಹೇಬರು. ಹೆಗಲಿಗೆ ಬಂದೂಕು. ಆಳಿನ ಕೈಯಲ್ಲಿ ಐದಾರು ಬಾತು, ಕಾಲು ಕಟ್ಟಿ ತೂಗುಬಿಟ್ಟದ್ದು. ಚರ್ಮದ ಚೀಲ ಅವನ ಬೆನ್ನ ಮೇಲೆ ಖಾಲಿಯಾಗಿ ಜೋತಾಡುತ್ತಿತ್ತು. ಅದು ದುರ್ಬೀನಿನ ಚೀಲವಲ್ಲ. ಸುತ್ತಲಿನ ಊರು ತಿರುಗಿ ಮತ್ತೆ ಬಂದಿದ್ದರು, ಆ ದಿನ ಸಂಜೆ ನಮ್ಮ ಶಾಲೆಯಲ್ಲಿ ಅವರ ಎರಡನೆಯ ಭಾಷಣ ಇತ್ತು.

ನಾನು ಆವರೆಗೆ ನನ್ನಷ್ಟಕ್ಕೆ ನಾನೇ ಹೋಗಿ ಯಾರನ್ನೂ ಮಾತಾಡಿಸಿದವಳಲ್ಲ. ಅವತ್ತು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಏರಿ ಹತ್ತಿದೆ. ಒಂದೇ ಒಂದು ಮಾತು ಕೇಳಬೇಕಿತ್ತು.

"ಸಾಹೇಬ್ರ, ನನ್ನ ಆಣಿ ಬಿಡಸ್ರಿ."

"ಏನವಾ? ಜೋರಾಗಿ ಹೇಳು."

"ಆಣಿ ಬಿಡಸ್ರಿ. ಕಲ್ಲ ಒಗಿಯಂಗಿಲ್ಲ ಅಂತ ಮಾಡಿದ್ದು."

ಸಾಹೇಬರು ಆಳಿನ ಮುಖ ನೋಡಿದರು. "ಯಾವ ಆಣಿನೋ ಇಕಿದು?"

"ಆವತ್ತ ಸಾಲಿಯೊಳಗ ಹುಡುಗರ ಕಡೆ ಮಾಡಸಿದ್ರಲ್ರಿ, ಅದ ಇರಬೇಕ್ರಿ."

"ಓ, ಅದಾ!" ಸಾಹೇಬರು ಚೆನ್ನಾಗಿ ನಕ್ಕರು. "ಅದು ಎಲ್ಲಾ ಊರಾಗೂ ಮಾಡಸೋದವಾ. ಹುಡುಗರಿಗೆ ಒಂದು ಉಮೇದಿ ಬರ್ಲಿ ಅಂತ. ಏನಾತು ಅದಕ್ಕ?"

"ಕಬ್ಬಕ್ಕಿ ಜ್ವಾಳ ತಿಂದುವ್ರಿ. ನಾ ಒಗೀಲಿಲ್ರಿ."

"ಅಯ್ಯ ಹುಚ್ಚೀ! ಕಬ್ಬಕ್ಕಿ ಹೊಡೀಬೇಕವಾ! ಜ್ವಾಳಕ್ಕ ಬಿದ್ರ ಸುಮ್ಮನ ಬಿಡ್ತಾರೇನು? ನಾ ಹೇಳಿದ್ದು ಮಿತ್ರ ಪಕ್ಷಿ" ಎಂದರು ಹಕ್ಕಿ ಸಾಹೇಬರು.

ಅವರ ಕಂದೀಲಿನಲ್ಲಿ ಕಬ್ಬಕ್ಕಿಯ ಚಿತ್ರ ಇರಲಿಲ್ಲವೆಂದು ಹೇಳಬೇಕೆನ್ನಿಸಿತು. ಆಳಿನ ಕೈಯಲ್ಲಿ ತೂಗುತ್ತಿದ್ದವು ಮಿತ್ರರೋ ಶತ್ರುಗಳೋ ಎಂದು ಕೇಳಬೇಕೆನ್ನಿಸಿತು. ಒಂದು ಬಾತಿನ ಕೊಕ್ಕಿನಿಂದ ನೀರು ತೊಟ್ಟಿಕ್ಕುತ್ತಿತ್ತು, ನಾನು ಅದನ್ನೇ ನೋಡುತ್ತ ನಿಂತೆ. ಸಾಹೇಬರು ಹೊರಟುಹೋದರು. ಆಣೆ ಬಿಡಿಸಿದೆ ಎಂಬ ಎರಡು ಮಾತು ಅವರ ಬಾಯಿಂದ ಬರಲಿಲ್ಲ. ಅದು ನೆನಪಿಡಿರಿ.

ಸಂಜೆಯ ಭಾಷಣಕ್ಕೆ ಅಪ್ಪ ಹೋಗಲೇಬೇಕಿತ್ತು, ಸಾಹೇಬರಿಗೆ ಸೀತನಿ ತಿನ್ನಿಸುವ ಪಾಳಿ ನಮ್ಮದು. ಹಸಿಜೋಳದ ತೆನೆ ಸುಟ್ಟು, ಬಡಿದು ಉದುರಿಸಿದ ಬಿಸಿ ಕಾಳೇ ಸೀತನಿ. ಪಾಳಿ ತಪ್ಪಿಸುವುದು ಅವಮಾನ. ಉಳಿದಿದ್ದ ಅಷ್ಟಿಷ್ಟರಲ್ಲೇ ಅಪ್ಪ ಕಿತ್ತು ತಂದಿದ್ದ. ಬುಟ್ಟಿ ಹೊತ್ತುಕೊಂಡು ನಾನು ಹಿಂದೆ ನಡೆದೆ. ಬಂದೂಕನ್ನು ಶಾಲೆಯ ಮೂಲೆಯಲ್ಲಿ, ಭರತಖಂಡದ ನಕಾಶೆಯ ಪಕ್ಕ ಒರಗಿಸಿದ್ದರು. ಸಾಹೇಬರ ಬೂಟಿನ ಅಂಚಿಗೆ ಒಂದು ಬೂದು ಬಣ್ಣದ ಗರಿ ಅಂಟಿಕೊಂಡಿತ್ತು. ಅದನ್ನು ಅಂಟಿಸಿಕೊಂಡೇ ಅವರು ಪಕ್ಷಿಗಳ ಗರಿಗಳ ಸೌಂದರ್ಯದ ಬಗ್ಗೆ ಅರ್ಧ ತಾಸು ಮಾತಾಡಿದರು. ನಡುನಡುವೆ ನಮ್ಮ ಸೀತನಿ. "ಬಹಳ ರುಚಿ, ಬಹಳ ರುಚಿ" ಎನ್ನುತ್ತಿದ್ದರು. ಮಿತ್ರಪಕ್ಷಿಗಳೂ ಹಾಗೇ ಅಂದಿರಬೇಕು.

ಆಮೇಲೆ ಕೇಳಿದರು, "ಮಕ್ಕಳೇ, ಕಳೆದ ಸಲ ಮಾಡಿದ ಆಣೆಯನ್ನು ಯಾರು ಯಾರು ಉಳಿಸಿಕೊಂಡಿರಿ? ಕೈ ಎತ್ತಿ!"

ಹುಡುಗರೆಲ್ಲ ಕೈ ಎತ್ತಿದರು. ಒಬ್ಬನ ಹೆಗಲಲ್ಲಿ ಕವಣೆ ಜೋತಾಡುತ್ತಲೇ ಇತ್ತು. ಮಾಸ್ತರರು ಚಪ್ಪಾಳೆ ತಟ್ಟಿದರು. ನಾನು ಕೈ ಎತ್ತಲಿಲ್ಲ. ಆಣೆ ಎಂಬ ಮಾತು ಕೇಳಿದೊಡನೆ ನನ್ನ ಕೈ ತಾನೇ ಕೊರಳಿನ ಕರಡಿಗೆಗೆ ಹೋಗಿ ಹಿಡಿದುಕೊಂಡಿತ್ತು. ಬುಟ್ಟಿಯ ಪಕ್ಕದಲ್ಲಿ ಕುಳಿತಿದ್ದ ಅಪ್ಪ ಆ ಕೈಯನ್ನು ನೋಡಿದ. ಬಹಳ ಹೊತ್ತು ನೋಡಿದ. ನನ್ನ ಮುಖವನ್ನು ನೋಡಲಿಲ್ಲ.

ಅಪ್ಪ ಎದ್ದು ನಿಂತ. ಅವನೂ ನನ್ನಂಥವನೇ, ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಸಾಹೇಬ್ರ, ಒಂದು ಕೇಳ್ತೇನ್ರಿ. ತಪ್ಪು ತಿಳೀಬ್ಯಾಡ್ರಿ."

"ಕೇಳ್ರಿ, ಕೇಳ್ರಿ."

"ಹುಡುಗೂರ ಕಡೆ ಆಣಿ ಮಾಡಸಿದ್ರಿ. ಆವತ್ತ ನೀವೂ ಮಾಡಿದ್ರೇನ್ರಿ?"

ಸಭೆಯ ಕಣ್ಣುಗಳೆಲ್ಲ ಭರತಖಂಡದ ನಕಾಶೆಯ ಕಡೆ ಹೊರಳಿದವು. ಯಾರೋ ಕೆಮ್ಮಿದರು. ಸಾಹೇಬರು ಕೈಯಲ್ಲಿದ್ದ ಸೀತನಿಯನ್ನು ಬಾಯಿಗೆ ಹಾಕಿಕೊಳ್ಳುವುದೋ ಬಿಡುವುದೋ ತಿಳಿಯದೆ ಹಾಗೇ ನಿಂತರು. ಕೊನೆಗೆ, "ನನ್ನದು ಹೇಳುವ ಕೆಲಸ, ನೋಡ್ರಿ" ಎಂದರು.

"ಹಂಗನ್ರಿ" ಎಂದು ಅಪ್ಪ ಕುಳಿತುಕೊಂಡ. ಹಿಂದಿನಿಂದ ಒಂದು ಧ್ವನಿ, "ಸಾಹೇಬ್ರ, ಗಿಳಿ ಚಿತ್ರ ಇನ್ನೊಮ್ಮಿ ತೋರಸ್ರಿ, ಸೀದಾ ಇಟ್ಟು ತೋರಸ್ರಿ" ಎಂದಿತು. ಆ ನಗುವಿನಲ್ಲಿ ಸಭೆ ಮುಗಿಯಿತು.

ಹಕ್ಕಿ ಸಾಹೇಬರು ಮತ್ತೆ ಮಾಸೂರಿಗೆ ಬರಲಿಲ್ಲ. ಆದರೆ ಕೋಟುಗಳಿಗೇನು ಬರವೇ! ನಾನು ಅಕ್ಕಿಆಲೂರಿಗೆ ಸೊಸೆಯಾಗಿ ಬಂದ ಮೇಲೆ, ಯುದ್ಧದ ದಿನಗಳಲ್ಲಿ, ಕಾಳು ಸಿಗದೆ ಜನ ಒದ್ದಾಡುತ್ತಿದ್ದಾಗ ಇನ್ನೊಂದು ಕೋಟು ಬಂತು. ಅಕ್ಕಿ ಗಿರಣಿಯ ಅಂಗಳದಲ್ಲಿ ಭಾಷಣ. ಹಕ್ಕಿಗಳು ರೈತನ ಶತ್ರುಗಳು, ಒಂದು ಹಕ್ಕಿ ದಿನಕ್ಕೆ ಇಷ್ಟು ಕಾಳು ತಿನ್ನುತ್ತದೆ, ಒಂದನ್ನೂ ಬಿಡಬೇಡಿ. ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಬೇರೆ ಮನುಷ್ಯ, ಆದರೆ ಅದೇ ಒಳ್ಳೆಯ ಧ್ವನಿ. ಹುಳ ಇದ್ದಲ್ಲಿ ಕಾಳು ಎಂದು ಇಟ್ಟಿದ್ದರು, ಅಷ್ಟೇ ವ್ಯತ್ಯಾಸ. ಮಕ್ಕಳಿಂದ ಅವರೂ ಆಣೆ ಮಾಡಿಸಿದರು. ಆ ಹೊತ್ತಿಗೆ ನನಗೆ ಕಣ್ಣೀರು ಬರುವುದು ನಿಂತಿತ್ತು.

ಮಾಸೂರಿಗೆ ತಿರುಗಿ ಬರುತ್ತೇನೆ. ಸಭೆಯಿಂದ ಮನೆಗೆ ಬರುವಾಗ ಖಾಲಿ ಬುಟ್ಟಿಯನ್ನು ಅಪ್ಪನೇ ಹೊತ್ತ. ಆಣೆಯ ವಿಷಯ ಕೇಳಲಿಲ್ಲ, ನಾನು ಹೇಳಲಿಲ್ಲ. ಮರುದಿನದಿಂದ ಅಟ್ಟಣಿಗೆಯ ಮೇಲೆ ತಾನೇ ಹೋಗಿ ಕುಳಿತ. ನನ್ನ ಕೈಗೆ ಕವಣೆ ಕೊಡಲಿಲ್ಲ, ಮತ್ತೆಂದೂ ಕೊಡಲಿಲ್ಲ. ಅಷ್ಟರಿಂದಲೇ ಅವನಿಗೆ ತಿಳಿದಿದೆ ಎಂದು ನನಗೆ ತಿಳಿಯಿತು. ಶಾಲೆಯ ಮಾತು ಮಾತ್ರ ಎತ್ತಲಿಲ್ಲ. ಪಾಟಿ ಗೂಡಿನ ಮೇಲೇ ಇತ್ತು. ಬೆಳಿಗ್ಗೆ ಶಾಲೆಯ ಗಂಟೆ ಕೇಳಿದಾಗ ನಾನು ರೊಟ್ಟಿಯ ಹಿಟ್ಟನ್ನು ಜೋರಾಗಿ ನಾದುತ್ತಿದ್ದೆ.

ಕೊಯ್ಲಿನ ದಿನ ಆಯಿಯೂ ಮೊಳಕಾಲು ಹಿಡಿದುಕೊಂಡು ಹೊಲಕ್ಕೆ ಬಂದಳು, ಎಷ್ಟು ಹೋಗಿದೆ ಎಂದು ಕಣ್ಣಾರೆ ನೋಡಿ ಬೈಯಲು. ನಾವು ಕುಡಗೋಲು ಹಿಡಿದು ಖಾಲಿ ತೆನೆಯ ದಂಟುಗಳನ್ನು ಕೊಯ್ಯುತ್ತ ಹೋದೆವು, ದನಕ್ಕಾದರೂ ಆದೀತು. ಬೇವಿನ ಗಿಡದ ಹತ್ತಿರ ಕಾಳಿದ್ದ ತೆನೆಗಳು ಸಿಕ್ಕವು. ಕೊನೆಗೆ ಬಾವಿಯ ಪಕ್ಕದ ಸಾಲಿಗೆ ಬಂದೆವು. ಅದನ್ನು ನಮ್ಮ ಮನೆಯಲ್ಲಿ ಪ್ರತಿ ವರ್ಷ ಕೊಯ್ಯದೆ ಬಿಡುತ್ತಿದ್ದರು. ಅಪ್ಪನ ಅಪ್ಪನೂ ಬಿಡುತ್ತಿದ್ದನಂತೆ. ಹಕ್ಕಿಗಳಿಗೆಂದು ಒಂದು ಸಾಲು. ಅದರ ಬಗ್ಗೆ ಯಾರೂ ಎಂದೂ ಭಾಷಣ ಮಾಡಿದ್ದಿಲ್ಲ. ಆ ವರ್ಷ ವಿಚಿತ್ರವೆಂದರೆ ಆ ಸಾಲಿನಲ್ಲಿಯೇ ಕಾಳು ಹೆಚ್ಚು ಉಳಿದಿತ್ತು. ನಾನು ಬಗ್ಗಿ ಒಂದು ದಂಟಿಗೆ ಕುಡಗೋಲು ಹಚ್ಚಿದೆ.

ಅಪ್ಪ ನನ್ನ ಕೈ ಹಿಡಿದ. "ಅದನ್ನ ಬಿಡು."

"ಬಿಡೋದೇನು?" ಆಯಿ ಬದುವಿನ ಮೇಲಿಂದ ಕೂಗಿದಳು. "ಹೊಲಕ್ಕ ಹೊಲಾನ ತಿಂದ ಹೋಗ್ಯಾವ. ಮತ್ತ ಇದನ್ನೂ ಅವಕ್ಕ ಬಿಡ್ತಿ? ನಿನಗೇನು ಬುದ್ಧಿ ಐತೋ ಇಲ್ಲೋ?"

"ಅದು ಅವು ಕದ್ದದ್ದು, ಅವ್ವಾ" ಎಂದ ಅಪ್ಪ. "ಇದು ನಾವು ಕೊಡೋದು."

ಆಯಿ ಬೈಗುಳವನ್ನು ಅರ್ಧಕ್ಕೇ ಬಿಟ್ಟು ಬದುವಿನ ಮೇಲೆ ಕುಳಿತಳು. ನಾನು ಕಂಡಂತೆ ಅದೊಂದೇ ಸಲ.

ಆಮೇಲೆ ಅಪ್ಪ ಕಾಳಿದ್ದ ತೆನೆಗಳನ್ನೆಲ್ಲ ಒಟ್ಟು ಮಾಡಿದ. ಎಲ್ಲ ಸೇರಿ ಒಂದು ದೊಡ್ಡ ಹೊರೆಯೂ ಆಗಲಿಲ್ಲ. ಅದರಲ್ಲಿ ಒಂದು ಸಿವುಡು ಕಟ್ಟಿ ನನ್ನ ತಲೆಯ ಮೇಲಿಟ್ಟ.

"ನಡಿ, ಮನಿಗೆ ಒಯ್ದು ಇಡು" ಎಂದ. ಆಮೇಲೆ ಬದುವಿನ ಕಡೆ ತಿರುಗಿ, ಸ್ವಲ್ಪ ದೊಡ್ಡ ಧ್ವನಿಯಲ್ಲಿ, "ಅವ್ವಾ, ನೋಡಕೋ. ಜ್ವಾಳ ಮನಿಗೆ ಹೊಂಟೈತಿ" ಎಂದ.

ಸೋಮವಾರ ನಾನೇ ಗೂಡಿನಿಂದ ಪಾಟಿ ಇಳಿಸಿಕೊಂಡೆ. ಧೋತರ ಬಿಚ್ಚಿ ನೋಡಿದರೆ ಹಳೆಯ ಮಗ್ಗಿ ಹಾಗೇ ಇತ್ತು. ನಾಲ್ಕನೆಯ ಇಯತ್ತೆ ಮುಗಿಸಿದೆ. ಅಷ್ಟೇ ಕಲಿತದ್ದು, ಈಗ ನೀವು ಓದುತ್ತಿರುವುದು ಆ ಅಷ್ಟರಲ್ಲೇ ಬರೆದದ್ದು.

ಸುಮಾ, ನಾನು ನಿನ್ನ ಉಪನ್ಯಾಸಕ್ಕೆ ಬರುವುದಿಲ್ಲ. ಐದು ನಿಮಿಷವನ್ನು ಬೇರೆ ಯಾರಿಗಾದರೂ ಕೊಡು, ಮಾತಾಡುವವರಿಗೆ ಊರಿನಲ್ಲಿ ಬರವಿಲ್ಲ. ಚಿತ್ರ ತೋರಿಸುವುದಿದ್ದರೆ ತೋರಿಸು, ನೆಟ್ಟಗೆ ಇಟ್ಟು ತೋರಿಸು. ಬರುವವರ ಬೂಟನ್ನು ಒಮ್ಮೆ ನೋಡು. ಮಕ್ಕಳ ಕೈ ಮುಂದೆ ಮಾಡಿಸಿ ಆಣೆ ಮಾತ್ರ ಮಾಡಿಸಬೇಡ. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ, ಯಾರಾದರೂ ಅದನ್ನು ನಿಜವೆಂದು ತಿಳಿದುಬಿಡುತ್ತಾರೆ.

ಮಲ್ಲು, ನಿನ್ನ ಪ್ರಶ್ನೆಗೂ ಉತ್ತರ ಇದೇ. ನನ್ನ ಆಣೆಯನ್ನು ಇವತ್ತಿನ ತನಕ ಯಾರೂ ಬಿಡಿಸಿಲ್ಲ. ಬಿಡಿಸಬೇಕಾದವರು ನಕ್ಕು ಹೊರಟುಹೋದರು, ಈಗ ಬದುಕಿಯೂ ಇರಲಿಕ್ಕಿಲ್ಲ. ಶೇಂಗಾ ಇನ್ನೂ ಎರಡು ದಿನ ಒಣಗಬೇಕು. ನಾಳೆಯಿಂದ ಕಾಯಲು ಬೇರೆ ಯಾರನ್ನಾದರೂ ಕೂಡ್ರಿಸಿರಿ.